ಎರಡು ಸಲ ಓದಿದ ವಾಕ್ಯ

ಪದವಿ ಮುಗಿಸಿ ಮಧುಗಿರಿಗೆ ಹಿಂದಿರುಗಿದ ಮೇಲೆ ನನಗೆ ಸಿಕ್ಕಿದ್ದು ನಕಲು ಬರೆಯುವ ಕೆಲಸ. ನಮ್ಮೂರಿನ ಪಾದ್ರಿಗಳು ಬೈಬಲಿನ ಹೊಸ ಒಡಂಬಡಿಕೆಯ ಕನ್ನಡವನ್ನು ತಿದ್ದುವ ಸಮಿತಿಯಲ್ಲಿದ್ದರು. ಅವರು ಬರೆದದ್ದನ್ನು ನಾನು ಶುದ್ಧವಾಗಿ ಬರೆದುಕೊಡಬೇಕು. ಗ್ರೀಕ್ ಮೂಲದೊಡನೆ ಹೋಲಿಸಿ ಏನಾದರೂ ಬಿಟ್ಟುಹೋಗಿದ್ದರೆ ಅಂಚಿನಲ್ಲಿ ಗುರುತು ಮಾಡಬೇಕು. ಬೆಂಗಳೂರಿನಲ್ಲಿ ಓದುವಾಗ ಹಾಸ್ಟೆಲಿನ ಮೇಲ್ವಿಚಾರಕಿ ವಾರಕ್ಕೆ ಎರಡು ಸಂಜೆ ನನಗೆ ಗ್ರೀಕ್ ಹೇಳಿಕೊಟ್ಟಿದ್ದರು. ಆ ವಿದ್ಯೆಗೆ ನಮ್ಮ ಸೀಮೆಯಲ್ಲಿ ಬೇರೆ ಉಪಯೋಗವಿರಲಿಲ್ಲ. ಹಾಗಾಗಿ ಆ ಕೆಲಸ ಎಲ್ಲಿ ಕೈತಪ್ಪುತ್ತದೋ ಎಂಬ ಭಯ ಮೊದಲ ದಿನದಿಂದಲೂ ಇತ್ತು.

ಎರಡನೆಯ ಮಹಾಯುದ್ಧದ ಕಾಲ. ಕಾಗದ ಸಿಗುತ್ತಿರಲಿಲ್ಲ. ಹಳೆಯ ಕರಡುಗಳ ಹಿಂಬದಿಯಲ್ಲಿ ಹೊಸ ಕರಡು ಬರೆಯುತ್ತಿದ್ದೆವು. ಮೇಜಿನ ಸುತ್ತ ನಾವು ಮೂವರು: ವಿಲಾಯತಿಯಿಂದ ಬಂದು ಮೂವತ್ತು ವರ್ಷ ಈ ಕಡೆ ಕಳೆದಿದ್ದ ಪಾದ್ರಿಗಳು, ನಾನು, ಮತ್ತು ಮಿಡ್ಲ್ ಸ್ಕೂಲಿನಿಂದ ನಿವೃತ್ತರಾಗಿದ್ದ ಕನ್ನಡ ಪಂಡಿತರು. ಪಂಡಿತರು ಪಾದ್ರಿಗಳ ಬಂಗಲೆಯ ನೀರು ಮುಟ್ಟುತ್ತಿರಲಿಲ್ಲ. ಮನೆಯಿಂದಲೇ ಚೊಂಬಿನಲ್ಲಿ ತರುತ್ತಿದ್ದರು. ಹಳೆಯ ಅನುವಾದಗಳಲ್ಲಿ ತುಂಬಿದ್ದ ‘ಮಾಡಲ್ಪಟ್ಟ’, ‘ಕಟ್ಟಲ್ಪಟ್ಟ’ಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

“ಯಾವ ತಾಯಿ ಹೀಗೆ ಮಾತಾಡ್ತಾಳೆ, ಸ್ವಾಮಿ? ‘ಕಂದಾ, ನಿನ್ನಿಂದ ಹಾಲು ಕುಡಿಯಲ್ಪಟ್ಟಿತೇ?’ ಅಂತ ಕೇಳಿದರೆ ಮಗು ಹೆದರಿ ಅಳುತ್ತೆ!”

ಆ ಮೂರು ವಾರ ನಾವು ಸಿಕ್ಕಿಹಾಕಿಕೊಂಡಿದ್ದು ಒಂದು ಕ್ರಿಯಾಪದದಲ್ಲಿ. ಸುವಾರ್ತೆ ಸಾರುತ್ತ ತಿರುಗಿದ ಅಪೊಸ್ತಲನು ಗ್ರೀಕರ ಒಂದು ಪಟ್ಟಣದ ಕ್ರೈಸ್ತ ಸಭೆಗೆ ಬರೆದ ಪತ್ರದಲ್ಲಿ ಮದುವೆಯ ವಿಚಾರ ಬರುತ್ತದೆ. ಗಂಡಹೆಂಡಿರಲ್ಲಿ ಒಬ್ಬರು ಕ್ರೈಸ್ತರಾಗಿ, ಇನ್ನೊಬ್ಬರು ಅದನ್ನು ಒಪ್ಪದೆ ಬಿಟ್ಟುಹೋದರೆ ಉಳಿದವರ ಗತಿಯೇನು? ಅಲ್ಲಿ ಅವನು ‘ದೆದೂಲೋತಾಯ್’ ಎಂಬ ರೂಪವನ್ನು ‘ಇಲ್ಲ’ ಎಂಬ ಅರ್ಥದ ಪದದೊಡನೆ ಬಳಸಿದ್ದಾನೆ. ‘ದೂಲೊಸ್’ ಎಂದರೆ ತೊತ್ತು, ಕ್ರಯಕ್ಕೆ ತಂದ ಆಳು. ಅದರಿಂದ ಹುಟ್ಟಿದ ಈ ಕ್ರಿಯಾಪದಕ್ಕೆ ತೊತ್ತಾಗಿ ಮಾಡುವುದು ಎಂದು ಅರ್ಥ. ಮೊದಲಿನ ‘ದೆ’ ಧಾತುವಿನ ಮೊದಲಕ್ಷರವೇ ಎರಡನೆಯ ಸಲ ಬಂದದ್ದು. ಕೆಲಸ ಹಿಂದೆಯೇ ಮುಗಿದಿದೆ, ಅದರಿಂದಾದ ಸ್ಥಿತಿ ಇವತ್ತಿಗೂ ನಿಂತಿದೆ ಎಂದು ತಿಳಿಸುವ ರೂಪ ಅದು. ಇದನ್ನು ವಿವರಿಸಿದಾಗ ಪಂಡಿತರು ತೊಡೆ ತಟ್ಟಿಕೊಂಡರು.

“ದದೌ, ದೆದೂ! ಇದು ನಮ್ಮ ಸಂಸ್ಕೃತದ ಲಿಟ್ ಲಕಾರ ಅಲ್ಲವೇನಮ್ಮಾ? ನಿಮ್ಮ ಗ್ರೀಕ ನಮ್ಮ ದಾಯಾದಿಯೇ ಹಾಗಾದ್ರೆ!”

ಪಾದ್ರಿಗಳು ನಗಲಿಲ್ಲ. ಅದೇ ಪುಟದಲ್ಲಿ ಸ್ವಲ್ಪ ಮುಂದೆ, ಹೆಂಡತಿ ಗಂಡನಿಗೆ ಎಲ್ಲಿಯ ತನಕ ಕಟ್ಟುಬಿದ್ದಿದ್ದಾಳೆ ಎಂದು ಹೇಳುವಾಗ ಅಪೊಸ್ತಲನು ‘ಕಟ್ಟು’ ಎಂಬ ಅರ್ಥದ ಬೇರೆ ಕ್ರಿಯಾಪದ ಬಳಸುತ್ತಾನೆ. ಇಲ್ಲಿ ಮಾತ್ರ ತೊತ್ತಿನ ಮಾತು. ಯಾಕೆ? ಬಿಟ್ಟುಹೋದವನ ಹಿಂದೆ ಬೀಳಬೇಕಾಗಿಲ್ಲ ಎಂದಷ್ಟೇ ಹೇಳಿದನೇ? ಇಲ್ಲ, ಇನ್ನೊಂದು ಮದುವೆಗೂ ಅವಳು ಸ್ವತಂತ್ರಳು ಎಂದನೇ? ಪಾದ್ರಿಗಳು ಪ್ರತಿದಿನ ಅಲ್ಲಿಗೇ ಬಂದು ನಿಲ್ಲುತ್ತಿದ್ದರು.

“ಈ ಕ್ರಿಯಾಪದವು ಒಂದು ಬಾಗಿಲನ್ನು ತೆರೆಯುತ್ತದೆ. ಎರಡನೆಯ ಬಾಗಿಲಿನ ವಿಷಯವಾಗಿ ಅದು ಮಾತಾಡುವುದಿಲ್ಲ” ಎನ್ನುತ್ತಿದ್ದರು. ಅವರ ಕನ್ನಡ ಯಾವಾಗಲೂ ಪುಸ್ತಕದ ಹಾಗಿರುತ್ತಿತ್ತು.

ಕೊನೆಗೆ ಮೂರು ಬಗೆಯ ವಾಕ್ಯಗಳನ್ನು ಬರೆದುಕೊಂಡು, ಹಳ್ಳಿಯ ಕಿವಿಗೆ ಹಾಕಿ ನೋಡೋಣ ಎಂದು ತೀರ್ಮಾನವಾಯಿತು. ಮೊದಲನೆಯದು: “ಬಿಟ್ಟುಹೋಗುವ ಗಂಡನು ಹೋಗಲಿ; ಅಂಥವಳು ತೊತ್ತಾಗಿ ಉಳಿದಿಲ್ಲ.”

ಹೀಗೆ ಓದಿ ನೋಡುವುದು ನಮ್ಮ ಕೆಲಸದ ಒಂದು ಪದ್ಧತಿ. ಸುತ್ತಲ ಹಳ್ಳಿಗಳಿಗೆ ನಾನೇ ಹೋಗುತ್ತಿದ್ದೆ. ಅಕ್ಷರ ಬಾರದವರ ಎದುರು ವಾಕ್ಯವನ್ನು ಎರಡು ಸಲ ಓದಬೇಕು. ಏನನ್ನೂ ವಿವರಿಸಬಾರದು. ಆಮೇಲೆ ಕೇಳಿದವರು ತಮ್ಮ ಮಾತಿನಲ್ಲಿ ಅದನ್ನು ಹೇಳಬೇಕು. ಅವರ ಬಾಯಿಂದ ಬಂದ ಹಾಗೆಯೇ ಬರೆದುಕೊಳ್ಳಬೇಕು. ಏಳುವ ಮೊದಲು, “ಇದು ಇನ್ನೂ ಪರೀಕ್ಷೆಯ ಮಾತು, ದೇವರ ವಾಕ್ಯವೆಂದು ಗೊತ್ತುಮಾಡಿಲ್ಲ” ಎಂದು ಹೇಳಿ ಬರಬೇಕು. ಈ ಕೊನೆಯ ಮಾತನ್ನು ಯಾವ ಕಾರಣಕ್ಕೂ ಬಿಡಕೂಡದೆಂದು ಪಾದ್ರಿಗಳ ಕಟ್ಟಪ್ಪಣೆ.

ಸೋಮವಾರ ಸಿರಾ ಬಸ್ಸಿನಲ್ಲಿ ಬಡವನಹಳ್ಳಿಗೆ ಹೋದೆ. ಅಲ್ಲಿ ಯಾವಾಗಲೂ ನಮ್ಮ ಓದನ್ನು ಕೇಳುವ ಮುದುಕಿ ಕಡಲೆಕಾಯಿ ಕೀಳಲು ಹೊಲಕ್ಕೆ ಹೋಗಿದ್ದಳು. ಪಕ್ಕದ ಮನೆಯ ಜಗುಲಿಯಲ್ಲಿ ಇನ್ನೊಬ್ಬ ಹೆಂಗಸು ಕಂಬಳಿಗೆ ಉಣ್ಣೆ ನೂಲುತ್ತಿದ್ದಳು. ನನಗಿಂತ ಎಂಟು ಹತ್ತು ವರ್ಷ ದೊಡ್ಡವಳು, ನಮ್ಮ ಸಭೆಗೇ ಸೇರಿದವಳು. ಅವಳು ದೀಕ್ಷಾಸ್ನಾನ ಮಾಡಿಸಿಕೊಂಡು ಕ್ರೈಸ್ತಳಾದ ವರ್ಷವೇ ಗಂಡ ಬಿಟ್ಟು ಪಾವಗಡದ ಕಡೆಗೆ ಹೋಗಿ, ಅಲ್ಲಿ ಬೇರೊಬ್ಬಳನ್ನು ಕೂಡಿಕೆ ಮಾಡಿಕೊಂಡಿದ್ದ. ಅದಾಗಿ ಒಂಬತ್ತು ವರ್ಷ. ಅಣ್ಣನ ಮನೆಯಲ್ಲಿ ಇದ್ದಳು. ಈಗ ಕೊರಟಗೆರೆಯ ಗಾರೆ ಕೆಲಸದವನೊಬ್ಬ, ಹೆಂಡತಿ ತೀರಿಕೊಂಡವನು, ನಮ್ಮ ಸಭೆಯವನೇ, ಅವಳನ್ನು ಮದುವೆಯಾಗಲು ಕೇಳಿದ್ದ. ಆ ಮದುವೆಗೆ ಒಪ್ಪಿಗೆ ಕೊಡಬೇಕೋ ಬೇಡವೋ ಎಂದು ಸಭೆಯ ಹಿರಿಯರು ಆ ಶನಿವಾರ ಕೊರಟಗೆರೆಯಲ್ಲಿ ಸೇರುವವರಿದ್ದರು.

ಇದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿದ್ದೇ ಅವಳ ಜಗುಲಿಯ ಮೇಲೆ ಕುಳಿತೆ.

ಮೊದಲನೆಯ ವಾಕ್ಯವನ್ನು ಎರಡು ಸಲ ಓದಿದೆ. ಕದಿರು ತಿರುಗುವುದು ನಿಂತಿತು. “ಏನು ತಿಳೀತು ಹೇಳಿ, ಅಕ್ಕಾ” ಎಂದೆ.

ಅವಳು ಒಂದೊಂದೇ ಮಾತನ್ನು ಇಟ್ಟಂತೆ ಹೇಳಿದಳು: “ಬುಟ್ಟೋದೋನು ಬುಟ್ಟೋದ. ಅವನ ಮನೆ ತೊತ್ತಲ್ಲ ನಾನು. ಆವತ್ತೂ ಅಲ್ಲ, ಇವತ್ತೂ ಅಲ್ಲ.”

ಮುಗಿದ ಕೆಲಸ, ನಿಂತ ಸ್ಥಿತಿ. ಮೂರು ವಾರ ನಾವು ತಡಕಾಡಿದ್ದನ್ನು ಅವಳು ಮೂರು ಮಾತಿನಲ್ಲಿ ಹೇಳಿದ್ದಳು. ನಾನು ಬರೆದುಕೊಂಡೆ. ಅವಳು ಕಾಗದದ ಕಡೆ ನೋಡಿ, “ಹೆಬ್ಬೆಟ್ಟು ಒತ್ತಬೇಕಾ, ಅಮ್ಮಣ್ಣಿ?” ಎಂದು ಕೇಳಿದಳು. ನಾನು ನಕ್ಕು, “ಏನೂ ಬೇಡ” ಎಂದೆ. ಆಗ ಭಾರ ಇಳಿದಂತೆ ಅರಳಿದ್ದ ಅವಳ ಮುಖ ನೋಡಿದೆ. ಆ ಮುಖದ ಎದುರು ಹೇಳಬೇಕಾಗಿದ್ದ ಕೊನೆಯ ಮಾತನ್ನು ಹೇಳಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ನನಗೆ ನಾನೇ ಹೇಳಿಕೊಂಡು ಎದ್ದೆ.

ಗುರುವಾರ ಅವಳ ಅತ್ತಿಗೆ ಸಾಮಾನು ಕೊಳ್ಳಲು ಮಧುಗಿರಿಗೆ ಬಂದವಳು ನಮ್ಮ ಮನೆಯ ಬಾಗಿಲಿಗೆ ಬಂದಳು. ಕೈಯಲ್ಲಿ ಹಸಿ ಕಡಲೆಕಾಯಿಯ ಗಂಟಿತ್ತು.

“ನಮ್ಮ ನಾದಿನಿ ಕೊಟ್ಟವ್ಳೆ, ತಕ್ಕಳಿ. ತೀರ್ಪು ಓದಿ ಹೋದ್ರಲ್ಲ, ಅದಕ್ಕೆ.”

“ಯಾವ ತೀರ್ಪು?”

“ಅಯ್, ನೀವೇ ಓದಿ ನೀವೇ ಕೇಳ್ತೀರಲ್ಲ! ಎರಡು ದಪ ಓದಿ, ಅವಳ ಬಾಯಲ್ಲಿ ಯೋಳಿಸಿ, ಬರ್ಕೊಂಡು ಹೋದ್ರಂತೆ. ನಾಳೀಕೆ ಪಾವಗಡಕ್ಕೆ ಹೊಂಟವ್ಳೆ, ತಾಳಿ ಒಪ್ಪಿಸೋಕೆ. ಕುಲದ ಯಜಮಾನ್ರಿಗೂ ಯೋಳಿ ಕಳಿಸವ್ಳೆ.”

ಗಂಟನ್ನು ಹಿಡಿದುಕೊಂಡೇ ನಿಂತೆ. ಆಗ ಹೊಳೆಯಿತು. ನಮ್ಮ ಸೀಮೆಯಲ್ಲಿ ಅಕ್ಷರ ಬಾರದವರ ಮನೆಗೆ ಹೋಗಿ, ಕಾಗದ ಬಿಚ್ಚಿ, ಒಂದೇ ಮಾತನ್ನು ಎರಡು ಸಲ ಓದಿ, ‘ಏನು ತಿಳೀತು ಹೇಳು’ ಎಂದು ಹೇಳಿಸಿ, ಅದನ್ನು ಬರೆದುಕೊಂಡು ಹೋಗುವವರು ಶಾನುಭೋಗರು. ಕಚೇರಿಯ ಹುಕುಮನ್ನು ಅವರು ಓದುವುದು ಹಾಗೆಯೇ. ಕೊನೆಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಸಭೆಯ ಹುಕುಮನ್ನೇ ನಾನು ತಂದು ಓದಿದೆನೆಂದು ಅವಳು ತಿಳಿದಿದ್ದಳು. ಅವಳು ಹೆಬ್ಬೆಟ್ಟಿನ ವಿಷಯ ಕೇಳಿದಾಗ ನಾನು ನಕ್ಕಿದ್ದೆ.

ತಾಳಿ ಒಪ್ಪಿಸುವುದು ಎಂದರೆ ಅವಳು ಬಿಟ್ಟುಬಂದ ಕುಲದ ಕಟ್ಟಳೆ. ಯಜಮಾನರ ಎದುರು ಹೆಂಡತಿ ತಾಳಿ ಬಿಚ್ಚಿ ಇಡಬೇಕು, ಗಂಡ ಒಂದು ಕಡ್ಡಿ ಮುರಿದು ಹಾಕಬೇಕು; ಅಲ್ಲಿಗೆ ಸಂಬಂಧ ಹರಿಯಿತು. ಆದರೆ ಸಭೆಗೆ ಸೇರಿದವರು ಕುಲದ ಪಂಚಾಯಿತಿಗೆ ಹೋದರೆ ಅವರನ್ನು ಸಭೆಯಿಂದ ಹೊರಗಿಡುತ್ತಿದ್ದರು. ಅದರಲ್ಲಿ ನಮ್ಮ ಹಿರಿಯರು ಬಹಳ ಬಿಗಿ. ಶುಕ್ರವಾರ ಅವಳು ಪಾವಗಡದಲ್ಲಿ ತಾಳಿ ಬಿಚ್ಚಿದರೆ, ಶನಿವಾರ ಕೊರಟಗೆರೆಯಲ್ಲಿ ಹಿರಿಯರಿಗೆ ಬೇರೆ ಮಾತೇ ಬೇಕಾಗುವುದಿಲ್ಲ. ಮದುವೆಯೂ ಇಲ್ಲ, ಸಭೆಯೂ ಇಲ್ಲ, ಕುಲವಂತೂ ಮೊದಲೇ ಇಲ್ಲ.

ಅತ್ತಿಗೆ ಸಂಜೆ ತನ್ನ ತವರಾದ ಹೊಳವನಹಳ್ಳಿಗೆ ಹೋಗುವವಳು. ಅವಳ ಕೈಯಲ್ಲಿ ಹೇಳಿಕಳಿಸುವಂತಿರಲಿಲ್ಲ. ಆ ದಿನದ ಸಿರಾ ಬಸ್ಸೂ ಹೋಗಿಯಾಗಿತ್ತು. ಬಡವನಹಳ್ಳಿಯಿಂದ ಪಾವಗಡಕ್ಕೆ ಹೋಗುವವರು ಮಧುಗಿರಿಗೆ ಬಂದು ಬಸ್ಸು ಬದಲಾಯಿಸಬೇಕು. ಅದೊಂದೇ ಅವಕಾಶ.

ಬೆಳಿಗ್ಗೆ ಬಸ್ ಸ್ಟಾಂಡಿಗೆ ಹೋದಾಗ ಅವಳು ಆಗಲೇ ಪಾವಗಡದ ಬಸ್ಸಿನಲ್ಲಿ ಕುಳಿತಿದ್ದಳು. ಪೆಟ್ರೋಲಿಗೆ ಅಭಾವವಾಗಿ ಬಸ್ಸುಗಳು ಇದ್ದಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಕಾಲ. ಹಿಂದುಗಡೆ ಕಟ್ಟಿದ್ದ ಒಲೆಗೆ ಡ್ರೈವರಾಗಿದ್ದ ಸಿರಾದ ಸಾಬರು ಚಕ್ರ ತಿರುಗಿಸಿ ಗಾಳಿ ಹಾಕುತ್ತಿದ್ದರು. ಬೆಂಕಿ ಹಿಡಿದು ಗ್ಯಾಸು ಏಳುವ ತನಕ ಬಸ್ಸು ಹೊರಡುವುದಿಲ್ಲ.

ಕಿಟಕಿಯ ಹತ್ತಿರ ನಿಂತು, “ಅಕ್ಕಾ, ಇಳೀರಿ. ಮಾತಾಡಬೇಕು” ಎಂದೆ.

“ಜಾಗ ಹೋಯ್ತದೆ ಕಣಮ್ಮ. ಅಲ್ಲಿಂದ್ಲೇ ಯೋಳಿ.”

ಎಲ್ಲರ ಕಿವಿಯೂ ನಮ್ಮ ಕಡೆ ಇತ್ತು. ನಾನು ಜನರ ನಡುವೆ ಗಟ್ಟಿಯಾಗಿ ಮಾತಾಡಿ ಅಭ್ಯಾಸವಿಲ್ಲದವಳು.

“ಸೋಮವಾರ ನಾನು ಓದಿದ್ದು ತೀರ್ಪಲ್ಲ.”

“ತೀರ್ಪಲ್ದೆ ಇನ್ನೇನು? ದೇವರ ವಾಕ್ಯ ಅಲ್ವಾ?”

“ಅದು ಇನ್ನೂ ಗೊತ್ತಾಗಿಲ್ಲ. ಕನ್ನಡದಲ್ಲಿ ಹೇಗೆ ಬರೆಯಬೇಕು ಅಂತ ನೋಡ್ತಾ ಇದ್ದೀವಿ. ಹಾಗೆ ಓದಿ ಕೇಳಿಸೋದು ಬರೀ ಪರೀಕ್ಷೆಗೆ.”

ಅವಳು ನನ್ನನ್ನೇ ನೋಡಿದಳು. “ದೇವರು ಇನ್ನೂ ಮಾತು ಮುಗಿಸಿಲ್ಲ ಅನ್ನಿ.”

ಬಸ್ಸಿನಲ್ಲಿ ಯಾರೋ ನಕ್ಕರು. ಪಾವಗಡದ ಕಡೆಯ ಮುದುಕನೊಬ್ಬ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು, ತೆಲುಗು ಬೆರೆಸಿ, “ಏಮಮ್ಮಾ, ಇಳಿಯೋದಾದ್ರೆ ಇಳಿ, ಲೇದಂಟೆ ಸುಮ್ನೆ ಕೂತ್ಕೋ. ನಾನಾದ್ರೂ ಕಾಲು ಚಾಚ್ತೀನಿ” ಎಂದ.

“ಚಾಚು ಬಾರಯ್ಯ, ನನ್ ತಲೆ ಮ್ಯಾಲೇ ಚಾಚು” ಎಂದು ಅವಳು ಅವನ ಕಡೆ ತಿರುಗಿ, ಮತ್ತೆ ನನ್ನ ಕಡೆ ಬಗ್ಗಿದಳು. “ಪರೀಕ್ಸೆ ಅಂತ ಆವತ್ತೇ ಯಾಕೆ ಯೋಳ್ಲಿಲ್ಲ ನೀವು?”

ಮರೆತೆ ಎಂದುಬಿಡಬಹುದಾಗಿತ್ತು. “ಹೇಳಬೇಕಾಗಿತ್ತು. ಹೇಳಲಿಲ್ಲ. ತಪ್ಪು ನನ್ನದು” ಎಂದೆ.

ಹಿಂದಿನಿಂದ ಡ್ರೈವರು ಕೂಗಿದರು: “ಅಮ್ಮಾ, ಜಲ್ದಿ ಮುಗಿಸ್ಕೊಳ್ಳಿ! ಬೆಂಕಿ ಹಿಡೀತು ಅಂದ್ರೆ ನಾನು ನಿಲ್ಲಾಕಿಲ್ಲ. ಆರಿಸಿದ್ರೆ ಮತ್ತೆ ಅರ್ಧ ಗಂಟೆ.”

“ಇವತ್ತು ತಾಳಿ ಒಪ್ಪಿಸಿದ್ರೆ ಪಂಚಾಯಿತಿಗೆ ಹೋದಳು ಅಂತ ನಾಳೆ ಹಿರಿಯರು ನಿಮ್ಮನ್ನ ಹೊರಗಿಡ್ತಾರೆ. ಅವರು ಇನ್ನೂ ಏನೂ ತೀರ್ಮಾನ ಮಾಡಿಲ್ಲ, ಅಕ್ಕಾ. ದಯವಿಟ್ಟು ಇಳೀರಿ.”

ಅವಳ ಕೈ ಕುತ್ತಿಗೆಗೆ ಹೋಯಿತು. ಅರಿಸಿನದ ದಾರಕ್ಕೆ ಕಟ್ಟಿದ್ದ ತಾಳಿಯನ್ನು ಸೆರಗಿನೊಳಗೇ ಹಿಡಿದುಕೊಂಡಳು. “ಕನ್ನಡದ ಮಾತು ಅತ್ಲಾಗಿರಲಿ. ಆ ಸೀಮೆ ಭಾಸೆನಾಗೆ ಏನೈತೆ? ಅದು ಬರ್ದು ಮುಗಿದೈತೋ, ಅದೂ ಪರೀಕ್ಸೆಯೋ?”

“ಅದು ಬರೆದು ಮುಗಿದಿದೆ.”

“ಮತ್ತೆ ಯೋಳಿ.”

ಓದುವವಳು ವಿವರಿಸಬಾರದು ಎಂಬ ನಿಯಮವನ್ನು ನಾನು ಅದುವರೆಗೆ ಒಮ್ಮೆಯೂ ಮುರಿದಿರಲಿಲ್ಲ. ಬಸ್ಸಿನ ಕಿಟಕಿಯ ಕಂಬಿ ಹಿಡಿದುಕೊಂಡು ಮುರಿದೆ. “ಬಿಟ್ಟುಹೋದವನಿಗೆ ನೀವು ತೊತ್ತಲ್ಲ, ಅದು ಸ್ಪಷ್ಟವಾಗಿದೆ. ಇನ್ನೊಂದು ಮದುವೆಯಾಗಬಹುದು ಅಂತಲೂ ಅದರಲ್ಲಿ ಇಲ್ಲ, ಆಗಬಾರದು ಅಂತಲೂ ಇಲ್ಲ. ಅಷ್ಟೇ ಇರೋದು.”

“ಮೊದಲನೇದು ಗಟ್ಟಿ ತಾನೆ?”

“ಗಟ್ಟಿ.”

ಎಂಜಿನ್ನು ಕೆಮ್ಮಿ ಹೊತ್ತಿಕೊಂಡಿತು. ಬಸ್ಸೆಲ್ಲ ನಡುಗಿತು. ಡ್ರೈವರು ಓಡಿಬಂದು ಮುಂದಿನ ಸೀಟಿಗೆ ಹತ್ತಿದರು. ಅವಳು ಕುಳಿತೇ ಇದ್ದಳು. ಬಸ್ಸು ಒಂದು ಮಾರು ಸರಿಯಿತು. ನಾನು ಕಂಬಿ ಬಿಡಲಿಲ್ಲ. ಜೊತೆಗೇ ನಾಲ್ಕು ಹೆಜ್ಜೆ ನಡೆದೆ.

“ನಾಳೆ ಕೊರಟಗೆರೆಗೆ ಬಂದು ಆ ಹಿರಿಯರ ಮುಂದೆ ನಿಂತ್ಕೊಂಡು ಇದ್ನೇ ಯೋಳ್ತೀರಾ? ಈ ತಪ್ಪು ನಂದು ಅಂದ್ರಲ್ಲ, ಅದ್ನೂವೆ?”

“ಹೇಳ್ತೀನಿ.”

“ನಿಲ್ಸಪ್ಪೋ!” ಎಂದು ಅವಳು ಎದ್ದಳು. ಡ್ರೈವರು ತಲೆ ಹೊರಗೆ ಹಾಕಿ ಏನೋ ಬೈದರು. ಕೆಳಗಿಳಿದು, ಹೊರಟ ಬಸ್ಸನ್ನು ನೋಡುತ್ತ, “ಅಲ್ಲಿ ಕಾಯ್ತಾ ಕೂತಿರ್ತಾರೆ ಎಲ್ರೂ” ಎಂದಳು. ನನ್ನ ಮೇಲಿನ ಸಿಟ್ಟು ಹೋಗಿರಲಿಲ್ಲ. ಮನೆಗೆ ಬಂದು ಊಟ ಮಾಡಿ ಎಂದು ಕರೆದೆ. ಬರಲಿಲ್ಲ. ಸಿರಾ ಬಸ್ಸು ಬರುವ ತನಕ ಕಟ್ಟೆಯ ಮೇಲೆ ಒಬ್ಬಳೇ ಕುಳಿತಿದ್ದಳು.

ಆ ದಿನವೇ ಪಾದ್ರಿಗಳಿಗೆ ಎಲ್ಲವನ್ನೂ ಹೇಳಿದೆ. ಪಂಡಿತರು ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟು ಕಿಟಕಿಯ ಹೊರಗೆ ನೋಡತೊಡಗಿದರು. ಪಾದ್ರಿಗಳು ಕನ್ನಡಕ ತೆಗೆದು ಒಂದೇ ಪ್ರಶ್ನೆ ಕೇಳಿದರು.

“ಕಡೆಯ ಮಾತನ್ನು ನೀವು ಮರೆತಿರೋ, ಬಿಟ್ಟಿರೋ?”

“ಬಿಟ್ಟೆ.”

ಅವರು ತಲೆದೂಗಿ, ಮೂರು ವಾಕ್ಯಗಳಿದ್ದ ಹಾಳೆಯನ್ನು ನನ್ನ ಮುಂದಿನಿಂದ ತೆಗೆದು ತಮ್ಮ ಪೆಟ್ಟಿಗೆಯಲ್ಲಿಟ್ಟರು. “ನಾಳೆ ನೀವು ಬರಬೇಕು. ಕ್ರಿಯಾಪದದ ವಿಷಯವನ್ನು ನೀವೇ ತಿಳಿಸಿರಿ. ನಾನು ತಿಳಿಸಿದರೆ ಅದು ನನ್ನ ತೀರ್ಪೆಂದು ಹಿರಿಯರು ಭಾವಿಸುವರು.”

ಕೊರಟಗೆರೆಯ ಶಾಲೆಯ ಕೋಣೆಯಲ್ಲಿ ಐದು ಜನ ಹಿರಿಯರು ಬೆಂಚುಗಳ ಮೇಲೆ ಕುಳಿತಿದ್ದರು. ಹೊರಗೆ ಬೇವಿನ ಮರದ ಕೆಳಗೆ ಅವಳು, ಅವಳಿಂದ ಹತ್ತು ಮಾರು ದೂರದಲ್ಲಿ ಆ ಗಾರೆ ಕೆಲಸದವನು. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ.

ಮೊದಲು ನನ್ನ ತಪ್ಪನ್ನು ಹೇಳಿದೆ. ಅಂಚೆ ಕಚೇರಿಯಲ್ಲಿದ್ದು ನಿವೃತ್ತರಾದ ಹಿರಿಯರೊಬ್ಬರು, “ಇಷ್ಟು ಮಾಡೋಕೆ ಬಿ.ಎ. ಬೇಕಾಗಿತ್ತೇನಮ್ಮಾ? ನಮ್ಮೂರ ತಳವಾರನೂ ಮಾಡ್ತಿದ್ದ” ಎಂದರು. ಉಳಿದವರು ನಕ್ಕರು. ನಗು ನಿಂತ ಮೇಲೆ ಕ್ರಿಯಾಪದದ ವಿಷಯ ಹೇಳಿದೆ: ತೊತ್ತಿನ ಮಾತು, ಕಟ್ಟಿನ ಮಾತು, ಎರಡೂ ಒಂದೇ ಪುಟದಲ್ಲಿ ಬೇರೆ ಬೇರೆಯಾಗಿ ಬಂದಿರುವುದು, ಮೊದಲನೆಯದು ಎಲ್ಲಿಯ ತನಕ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ. ಒಂದು ಕಡೆ ಮಾತು ತಪ್ಪಿ ಮತ್ತೆ ಮೊದಲಿನಿಂದ ಹೇಳಬೇಕಾಯಿತು.

“ಅವಳು ಬಸ್ಸು ಹತ್ತಿದ್ದಳಂತಲ್ಲ?” ಎಂದರು ಇನ್ನೊಬ್ಬರು. “ಮನಸ್ಸಿನಲ್ಲಿ ಪಂಚಾಯಿತಿಗೆ ಹೋದಹಾಗೇ ಆಯ್ತಲ್ಲ?”

“ಇಳಿದಳು” ಎಂದೆ.

“ಯಾಕೆ ಇಳಿದಳು?”

“ನಾನು ನಿಜ ಹೇಳಿದ್ದಕ್ಕೆ.”

ಅವರಲ್ಲಿ ಎಲ್ಲರಿಗಿಂತ ವಯಸ್ಸಾದವರು ಕೋಲನ್ನು ನೆಲಕ್ಕೆ ಕುಟ್ಟಿದರು. “ಹುಕುಂ ಓದ್ದಂಗೆ ಓದಿ ಬಂದ್ರೆ ಅವಳಾದ್ರೂ ಏನ್ ಮಾಡ್ತಾಳ್ರಯ್ಯ? ಹುಕುಂ ಪಾಲಿಸಿದ್ಲು. ತಪ್ಪು ಓದ್ದೋರ್ದು, ಕೇಳ್ದೋಳ್ದಲ್ಲ.”

ನನ್ನನ್ನು ಹೊರಗೆ ಕಳಿಸಲಿಲ್ಲ, ಕೂರಿಸಲೂ ಇಲ್ಲ. ಒಂದು ಗಂಟೆ ಗೋಡೆಗೆ ಒರಗಿ ನಿಂತು ಅವರ ವಾದ ಕೇಳಿದೆ. ಕೊನೆಯಲ್ಲಿ ಪಾದ್ರಿಗಳು ತೀರ್ಮಾನವನ್ನು ಬರೆದು, “ಹೋಗಿ ಅವಳಿಗೆ ತಿಳಿಸಿರಿ” ಎಂದು ನನ್ನ ಕೈಗೇ ಕೊಟ್ಟರು.

ಬೇವಿನ ಮರದ ಕೆಳಗೆ ಹೋದೆ. ಆ ಗಾರೆ ಕೆಲಸದವನೂ ಎದ್ದು ಹತ್ತಿರ ಬಂದ. ಕಾಗದವನ್ನು ಬಿಚ್ಚದೆ ಹೇಳಿದೆ: “ನಿಮ್ಮ ಮೇಲೆ ತಪ್ಪು ಹೊರಿಸಿಲ್ಲ. ನೀವು ಆ ಗಂಡನ ಹತ್ತಿರ ಹೋಗಬೇಕಾಗಿಲ್ಲ, ಅವನು ಕರೆದರೂ ಹೋಗಬೇಕಾಗಿಲ್ಲ. ಇಷ್ಟು ತೀರ್ಮಾನವಾಗಿದೆ. ಮದುವೆಯ ವಿಷಯ ತೀರ್ಮಾನವಾಗಿಲ್ಲ. ಸಭೆಯ ಮೇಲಿನವರಿಗೆ ಬರೀತಾರೆ. ಉತ್ತರ ಬರೋದಕ್ಕೆ ಸಂಕ್ರಾಂತಿ ಕಳೀಬಹುದು. ಆಗಲ್ಲ ಅಂತಲೂ ಬರಬಹುದು.”

“ಇದು ಪರೀಕ್ಸೆಯೋ, ಗಟ್ಟಿಯೋ?”

“ಗಟ್ಟಿ. ಇದರಲ್ಲಿ ಏನು ಇನ್ನೂ ಗಟ್ಟಿಯಾಗಿಲ್ಲ ಅನ್ನೋದನ್ನೂ ಹೇಳಿದ್ದೀನಿ.”

ಅವಳು ಅವನ ಕಡೆ ತಿರುಗಿದಳು. “ಕೇಳ್ದಾ? ಆಗಲ್ಲ ಅಂತ ಬಂದ್ರೆ?”

“ಬರ್ಲಿ, ಆಮ್ಯಾಕೆ ನೋಡವಾ” ಎಂದ ಅವನು. “ಗಾರೆ ಹಾಕಿದ್ ಮ್ಯಾಲೆ ಒಣಗೋ ಗಂಟ ಕಾಯಾಕಿಲ್ವಾ?”

“ನಿನ್ ಗಾರೆ ಒಂಬತ್ತು ವರ್ಸ ಕಾದಿಲ್ಲ ಬುಡು” ಎಂದು ಅವಳು ಎದ್ದು ಸೆರಗು ಕೊಡವಿಕೊಂಡಳು.

ಪಾದ್ರಿಗಳು ಅಪೊಸ್ತಲನ ಆ ಪತ್ರ ಮುಗಿಯುವ ತನಕ ನನ್ನಿಂದ ನಕಲು ಬರೆಸಿದರು. ಹಳ್ಳಿಗಳಿಗೆ ಮತ್ತೆ ಕಳಿಸಲಿಲ್ಲ. ಪತ್ರ ಮುಗಿದ ಮೇಲೆ ಮುಂದಿನ ಭಾಗಕ್ಕೆ ಕರೆಯಲೂ ಇಲ್ಲ. ಅವರ ಮೇಲೆ ನನಗೆ ದೂರಿಲ್ಲ. ಸಿರಾದ ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು.

ಮೇಲಿನವರ ಉತ್ತರ ಯುಗಾದಿ ಹತ್ತಿರವಾದಾಗ ಬಂತು. ಅವರು ಒಪ್ಪಿದ್ದರು. ಒಪ್ಪಿದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಕ್ರಿಯಾಪದದ ಮಾತಿರಲಿಲ್ಲ. ಗಂಡನೇ ಬಿಟ್ಟುಹೋಗಿ ಬೇರೊಬ್ಬಳೊಡನೆ ಸಂಸಾರ ಹೂಡಿದ್ದನ್ನು ಮಾತ್ರ ಎತ್ತಿ ಹೇಳಿದ್ದರಂತೆ. ಕೊರಟಗೆರೆಯಲ್ಲೇ ಮದುವೆ ಗೊತ್ತಾಯಿತು. ಅವಳು ಯಾರ ಕೈಯಲ್ಲೋ ಕಾರ್ಡು ಬರೆಸಿ ನನ್ನನ್ನು ಕರೆದಳು. ಬರಲೇಬೇಕು ಎಂದು ಎರಡು ಸಲ ಬರೆಸಿದ್ದಳು. ಶಾಲೆಯಲ್ಲಿ ರಜೆ ಕೊಡಲಿಲ್ಲ ಎಂದು ಉತ್ತರ ಬರೆದೆ. ಆ ಮುಖದ ಎದುರು ಮತ್ತೆ ನಿಲ್ಲಲಾರದೆ, ನಾನು ರಜೆ ಕೇಳಿಯೇ ಇರಲಿಲ್ಲ.